ಮೊಂಡು ಕತ್ತಿಯ ಮನೆ

ನಮ್ಮ ಮನೆಗೆ ಹೊಸ ಚಾಕು ಬಂದ ದಿನ ಅಮ್ಮ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಅದನ್ನು ಮೊಂಡು ಮಾಡುವುದು. ಹೊಸನಗರದ ಸಂತೆಯಲ್ಲಿ ಕೊಂಡು ತಂದ ಚಾಕಿನ ಕಾಗದ ಬಿಚ್ಚಿ, ಬಚ್ಚಲಿನ ಕಲ್ಲಿನ ಅಂಚಿಗೆ ಅದರ ಬಾಯಿಯನ್ನು ಒತ್ತಿ ಹಿಡಿದು ಗರಗರ ತಿಕ್ಕುತ್ತಿದ್ದಳು. ಆಮೇಲೆ ತನ್ನ ಹೆಬ್ಬೆರಳನ್ನೇ ಅದರ ಮೇಲೆ ಎಳೆದು ನೋಡಿ, ಚರ್ಮಕ್ಕೆ ಏನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅಡುಗೆಮನೆಗೆ ತರುತ್ತಿದ್ದಳು. ಹೊಸ ಮಡಕೆಗೆ ನೀರು ತುಂಬಿಸಿಡುವ ಹಾಗೆ, ಹೊಸ ಕಾವಲಿಗೆ ಎಣ್ಣೆ ಸವರಿ ಕಾಯಿಸುವ ಹಾಗೆ, ಹೊಸ ಚಾಕಿಗೂ ಇದೊಂದು ಮಾಡಬೇಕಾದ ಕ್ರಮ ಎಂದೇ ನಾನು ತುಂಬ ವರ್ಷ ತಿಳಿದಿದ್ದೆ.

ಹಾಗಾಗಿ ನಮ್ಮ ಮನೆಯಲ್ಲಿ ತರಕಾರಿ ಹೆಚ್ಚುವುದಕ್ಕಿಂತ ಮುರಿಯುವುದೇ ಜಾಸ್ತಿ. ಬೀನ್ಸನ್ನು ಕೈಯಲ್ಲೇ ಮುರಿಯಬೇಕು, ಸೊಪ್ಪನ್ನು ಚಿವುಟಬೇಕು, ಟೊಮೆಟೊವನ್ನು ಪಾತ್ರೆಯೊಳಗೇ ಹಿಂಡಬೇಕು. ಸಿಹಿಗುಂಬಳವನ್ನು ಅಮ್ಮ ಅಂಗಳದ ಕಲ್ಲಿನ ಮೇಲೆ ಎತ್ತಿ ಹಾಕಿ ಒಡೆಯುತ್ತಿದ್ದಳು. ಅದರ ಬೀಜ ಚೆಲ್ಲಾಪಿಲ್ಲಿಯಾಗಿ ಹಾರಿ, ಮಳೆಗಾಲದಲ್ಲಿ ಅಂಗಳದ ತುಂಬ ಬಳ್ಳಿ ಏಳುತ್ತಿತ್ತು. ಹೆಚ್ಚದೆ ವಿಧಿಯೇ ಇಲ್ಲದ ಈರುಳ್ಳಿ, ಗೆಡ್ಡೆಕೋಸು, ಸುವರ್ಣಗೆಡ್ಡೆಗಳ ಮೇಲೆ ಮಾತ್ರ ಚಾಕಿಟ್ಟು, ಅದರ ಬೆನ್ನಿನ ಮೇಲೆ ಇನ್ನೊಂದು ಕೈಯೂರಿ, ಉಸಿರು ಬಿಗಿಹಿಡಿದು ಒತ್ತುತ್ತಿದ್ದಳು. ಕೆಲವೊಮ್ಮೆ ಚಾಕು ಗೆಡ್ಡೆಯ ಮೇಲಿಂದ ಜಾರಿ ಎಡಗೈಗೆ ತಾಗುತ್ತಿತ್ತು. ಅವಳ ಎಡಗೈ ಬೆರಳುಗಳ ಮೇಲೆ ಅಂಥ ಗಾಯಗಳ ಬಿಳಿ ಗೆರೆಗಳು ಒಂದರ ಮೇಲೊಂದು ಬಿದ್ದಿದ್ದವು.

ಅಪ್ಪನಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ. ಮದುವೆಯಾದ ಹೊಸತರಲ್ಲಿ ಒಮ್ಮೆ, ಹೆಂಡತಿ ಕಷ್ಟಪಡುವುದು ನೋಡಲಾರದೆ ಚಾಕು ಮಸೆದು ಕೊಟ್ಟಿದ್ದನಂತೆ. ಅವತ್ತು ಅಮ್ಮ ಒಲೆಯನ್ನೇ ಹಚ್ಚಲಿಲ್ಲವಂತೆ. ಆಮೇಲೆ ಅಪ್ಪ ಆ ಸುದ್ದಿಗೆ ಹೋಗಲಿಲ್ಲ. ಪಕ್ಕದ ಮನೆಯವರೆಲ್ಲ ಮೆಟ್ಟುಗತ್ತಿಯನ್ನು ಕಾಲಲ್ಲಿ ಮೆಟ್ಟಿ ಕೂತು ಹಲಸಿನಕಾಯನ್ನೂ ಬಾಳೆದಿಂಡನ್ನೂ ಸರಸರ ಹೆಚ್ಚುತ್ತಿದ್ದರೆ, ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ನಮ್ಮ ಮನೆಯೊಳಗೆ ಮೆಟ್ಟುಗತ್ತಿ ಬರಲೇ ಇಲ್ಲ.

ನಾನು ಹೈಸ್ಕೂಲಿಗೆ ಬಂದ ಕಾಲಕ್ಕೆ ಅಪ್ಪ ತೀರಿಕೊಂಡ. ಕೆಲವು ವರ್ಷ ಅಮ್ಮ ಅವರಿವರ ಗದ್ದೆಗೆ ನಾಟಿಗೆ ಹೋದಳು. ಮುಂದೆ ಶಾಲೆಗಳಲ್ಲಿ ಬಿಸಿಯೂಟ ಶುರುವಾದಾಗ ಅವಳಿಗೆ ಅಡುಗೆಯ ಕೆಲಸ ಸಿಕ್ಕಿತು. ಅವಳ ಜೊತೆಗಿದ್ದ ಇನ್ನೊಬ್ಬ ಹೆಂಗಸು ಅನ್ನ, ಸಾರಿನ ಒಲೆ ನೋಡಿಕೊಂಡರೆ, ತರಕಾರಿ ಅಮ್ಮನ ಪಾಲಿಗೆ. ಅಷ್ಟು ಮಕ್ಕಳಿಗೆ ಬೇಕಾಗುವ ಮೂಲಂಗಿ, ಸೌತೆಕಾಯಿಗಳನ್ನು ಮುರಿದು ಹಾಕುವುದಕ್ಕಾಗುತ್ತದೆಯೇ? ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ, ಅದೇ ಮೊಂಡು ಚಾಕಿನಲ್ಲಿ ಒತ್ತಿ ಒತ್ತಿ ಹೆಚ್ಚುತ್ತಿದ್ದಳು. ಜೊತೆಯವಳು ಸುಮ್ಮನಿರಲಾರದೆ ಹೇಳಿದ್ದಳಂತೆ:

"ಅಕ್ಕಾ, ನಮ್ಮನೆ ಕತ್ತಿ ತಂದ್ಕೊಡ್ತೀನಿ ಕಣೆ. ಇದ್ರಲ್ಲಿ ಹೆಚ್ಚಿದ್ರೆ ನಿನ್ ಕೈ ಉಳಿಯಲ್ಲ."

"ಮಕ್ಳು ಓಡಾಡೋ ಜಾಗ ಮಾರಾಯ್ತಿ. ಹರಿತದ್ದು ಇಲ್ಲಿ ಬ್ಯಾಡ," ಎಂದು ಅಮ್ಮ ಮಾತು ಮುಗಿಸಿದ್ದಳು.

ಸಂಜೆ ಮನೆಗೆ ಬಂದು ಬಲಗೈ ಮಣಿಕಟ್ಟಿಗೆ ಬಿಸಿನೀರಿನ ಬಟ್ಟೆ ಸುತ್ತಿಕೊಂಡು ಕೂರುತ್ತಿದ್ದಳು. ಹೆಬ್ಬೆರಳಿನ ಬುಡ ಊದಿಕೊಂಡು ಗಂಟು ಕಟ್ಟಿದ್ದು ಆ ವರ್ಷಗಳಲ್ಲೇ. ಕೇಳಿದರೆ, ಒಲೆಯ ಕಾವು, ವಯಸ್ಸು, ವಾತ ಎಂದು ದಿನಕ್ಕೊಂದು ಕಾರಣ ಹೇಳುತ್ತಿದ್ದಳು.

ನಾನು ತೀರ್ಥಹಳ್ಳಿಗೆ ಸೊಸೆಯಾಗಿ ಹೋದೆ. ಹೋದ ವಾರದಲ್ಲೇ ಕೈ ಕುಯ್ದುಕೊಂಡೆ. ಅತ್ತೆಯವರು ಸೌತೆಕಾಯಿ ಹೆಚ್ಚಲು ಕೊಟ್ಟಿದ್ದರು. ತವರಿನ ಅಭ್ಯಾಸದಂತೆ ನಾನು ಚಾಕಿನ ಮೇಲೆ ಮೈಭಾರ ಹಾಕಿ ಒತ್ತಿದೆ. ಚಾಕು ಬೆಣ್ಣೆಯೊಳಗೆ ಹೋದ ಹಾಗೆ ಕಾಯಿಯನ್ನು ದಾಟಿ ನನ್ನ ಬೆರಳಿಗೆ ಇಳಿಯಿತು. ನೋವಿಗಿಂತ ಮೊದಲು ಆಶ್ಚರ್ಯವಾಯಿತು. ಚಾಕು ಅಂದರೆ ಇದು ಎಂದು ನನಗೆ ಗೊತ್ತಾದದ್ದೇ ಅವತ್ತು.

ಅತ್ತೆ ಅರಿಶಿನ ಹಾಕಿ, ಬಟ್ಟೆ ಸುತ್ತಿ, ನನ್ನನ್ನು ಕೂರಿಸಿ ಕೇಳಿದರು, "ಅಷ್ಟು ಒತ್ತೋದ್ಯಾಕೆ ಮಗಾ? ಹರಿತ ಇರೋ ಚಾಕು ತಾನೇ ಕೆಲ್ಸ ಮಾಡತ್ತೆ. ಮೊಂಡಾಗಿರೋದಕ್ಕೆ ನಾವು ಮಾಡ್ಬೇಕು. ಆಗ್ಲೇ ಅದು ಜಾರೋದು."

ಆ ಗಾಯ ಮಾಯುವಷ್ಟರಲ್ಲಿ ಅವರು ನನಗೆ ಚಾಕು ಮಸೆಯಲು ಕಲಿಸಿದ್ದರು. ಅವರ ಹತ್ತಿರ ಒಂದು ಮೈ ಒರಟು, ಇನ್ನೊಂದು ಮೈ ನಯವಿದ್ದ ಮಸೆಗಲ್ಲಿತ್ತು. ಅದನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೆ ಬಿಡುತ್ತಿದ್ದರು. ಕೆಳಗೊಂದು ಒದ್ದೆ ಬಟ್ಟೆ ಹಾಸಿದರೆ ಕಲ್ಲು ಜಾರುವುದಿಲ್ಲ. ಚಾಕಿನ ಬೆನ್ನು ಕಲ್ಲಿನಿಂದ ಎಷ್ಟು ಎತ್ತರವಿರಬೇಕು ಎಂದು ತೋರಿಸಲು ಅವರು ಒಂದು ಬೆಂಕಿಪೊಟ್ಟಣವನ್ನು ಮಲಗಿಸಿ ಅದರ ಮೇಲೆ ಚಾಕಿನ ಬೆನ್ನನ್ನು ಒರಗಿಸಿದರು. "ಇಷ್ಟೇ. ಸಣ್ಣ ಚಾಕಾದ್ರೆ ಇನ್ನೂ ಸ್ವಲ್ಪ ಕಮ್ಮಿ. ಒಂದ್ಸಲ ಹಿಡಿದ ಓರೆ ಕೊನೆತನಕ ತಪ್ಪಬಾರದು, ಅದೊಂದು ನೋಡ್ಕೋ." ಬುಡದಿಂದ ತುದಿಯವರೆಗೆ, ಒತ್ತದೆ, ಕಲ್ಲಿನ ಮೇಲಿಂದ ತೆಳ್ಳಗೆ ಏನನ್ನೋ ಕೆತ್ತಿ ತೆಗೆಯುವ ಹಾಗೆ ಎಳೆಯುವುದು. ಒಂದು ಮಗ್ಗುಲು ಸಾಕಷ್ಟು ಸವೆದಾಗ, ಇನ್ನೊಂದು ಮಗ್ಗುಲಿನ ಅಂಚಿನಲ್ಲಿ ಕಣ್ಣಿಗೆ ಕಾಣದಂಥ ಒಂದು ಸಣ್ಣ ತರಿ ಏಳುತ್ತದೆ. ಬೆರಳನ್ನು ಅಲಗಿನ ಬೆನ್ನಿನಿಂದ ಬಾಯಿಯ ಕಡೆಗೆ, ಹೊರಕ್ಕೆ ಮೆಲ್ಲಗೆ ಸವರಿದರೆ ಅದು ಸಿಗುತ್ತದೆ. ಆಗ ತಿರುಗಿಸಿಕೊಂಡು ಆ ಮಗ್ಗುಲನ್ನೂ ಅಷ್ಟೇ ಮಸೆಯಬೇಕು. ಆಮೇಲೆ ನಯವಾದ ಮೈಯ ಮೇಲೆ ಅದೇ ಕ್ರಮ. ಕೊನೆಗೆ ಮಾವನವರ ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ, ಬೆನ್ನು ಮುಂದಾಗಿ ಬಾಯಿ ಹಿಂದಾಗಿ ಎಳೆದರೆ ಉಳಿದ ತರಿಯೂ ಹೋಗುತ್ತಿತ್ತು.

"ಆಯ್ತೋ ಇಲ್ವೋ ಅಂತ ಬೆರಳಲ್ಲಿ ನೋಡ್ಬೇಡ, ಟೊಮೆಟೊದಲ್ಲಿ ನೋಡು," ಎನ್ನುತ್ತಿದ್ದರು ಅತ್ತೆ. ಒತ್ತದೆ ಇಟ್ಟ ಚಾಕು ಟೊಮೆಟೊ ಸಿಪ್ಪೆಯನ್ನು ತಾನಾಗಿ ಕಚ್ಚಿಕೊಂಡರೆ ಸರಿ.

ಕಲ್ಲು ತೆಗೆಯುತ್ತಿದ್ದದ್ದು ಎಂದೋ ಒಮ್ಮೆ. ನಡುವೆ ಬಾಯಿ ಸ್ವಲ್ಪ ಮಂದವಾಯಿತು ಅನ್ನಿಸಿದರೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ಅದರ ತಳದ ಹೊಳಪಿಲ್ಲದ ಒರಟು ಬಳೆಯ ಮೇಲೆ ಎರಡೂ ಮಗ್ಗುಲು ನಾಲ್ಕಾರು ಸಲ ಎಳೆದರೆ ಸಾಕಾಗುತ್ತಿತ್ತು. ಚಾಕನ್ನು ಪಾತ್ರೆಗಳ ಜೊತೆ ಸಿಂಕಿಗೆ ಹಾಕುವ ಹಾಗಿಲ್ಲ, ಗ್ರಾನೈಟಿನ ಕಟ್ಟೆಯ ಮೇಲೆ ಹೆಚ್ಚುವ ಹಾಗಿಲ್ಲ, ಮರದ ಹಲಗೆಯೇ ಆಗಬೇಕು. ಕೆಲಸ ಮುಗಿದ ಕೂಡಲೇ ತೊಳೆದು ಒರೆಸಬೇಕು. ಮಳೆಗಾಲದಲ್ಲಿ ಕಬ್ಬಿಣದ ಕತ್ತಿಗೆ ಕೊಬ್ಬರಿ ಎಣ್ಣೆ ಸವರದಿದ್ದರೆ ಬೆಳಗಾಗುವುದರೊಳಗೆ ತುಕ್ಕು.

ನನ್ನ ಕೈಗೆ ಗಾಯವಾದ ಸುದ್ದಿ ತಿಳಿದು ಅಮ್ಮ ತೀರ್ಥಹಳ್ಳಿಗೆ ಬಂದಳು. ಬಂದವಳು ನೀರನ್ನೂ ಕುಡಿಯದೆ ಅಡುಗೆಮನೆಗೆ ಹೋಗಿ ಗೂಡಿನಲ್ಲಿದ್ದ ಚಾಕುಗಳನ್ನು ನೋಡಿದಳು. ಒಂದರ ಬಾಯಿಗೆ ಹೆಬ್ಬೆರಳು ತಾಗಿಸಿ, ಸುಟ್ಟ ಹಾಗೆ ಕೈ ಹಿಂದಕ್ಕೆಳೆದುಕೊಂಡಳು.

"ಇಂಥದ್ನೆಲ್ಲ ಮನೇಲಿ ಇಟ್ಕೊಂಡ್ರೆ ಆಗೋದೇ ಹಿಂಗೆ," ಎಂದಳು ಅತ್ತೆಯವರಿಗೆ ಕೇಳುವಂತೆ. "ಕತ್ತಿ ಮಸೆದಿಡೋರಿಗೆ ಗೊತ್ತಾಗಲ್ಲ. ಕಳ್ಕೊಂಡೋರಿಗೆ ಗೊತ್ತು."

ಅತ್ತೆ ಮುಖ ಸಣ್ಣ ಮಾಡಿಕೊಂಡರೂ ಜಗಳಕ್ಕೆ ನಿಲ್ಲಲಿಲ್ಲ. "ಊಟ ಮಾಡಿ ಬೀಗ್ತಿ, ಆಮೇಲೆ ಮಾತಾಡಣ," ಎಂದರು. ಅಮ್ಮ ಊಟ ಮಾಡಲಿಲ್ಲ. ನಾನು ಅವಳನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಹೋದೆ. ಹೊಸನಗರದ ಬಸ್ಸು ಬರುವುದು ತಡವಿತ್ತು. ಅಲ್ಲಿ ಕಲ್ಲು ಬೆಂಚಿನ ಮೇಲೆ ಕೂತು, ನನ್ನ ಮುಖ ನೋಡದೆ, ಅವಳು ಅದನ್ನು ಹೇಳಿದಳು. ಬದುಕಿನಲ್ಲಿ ಒಮ್ಮೆ ಮಾತ್ರ ಹೇಳಿದ್ದು.

ಅಮ್ಮನಿಗೆ ಒಬ್ಬಳೇ ತಂಗಿ. ನನ್ನ ಆ ಚಿಕ್ಕಮ್ಮನನ್ನು ತುಮರಿಗೆ ಮದುವೆ ಮಾಡಿ ಕೊಟ್ಟಿದ್ದರು. ಅವಳ ಎಡಗೈ ತೋರುಬೆರಳಿಗೆ ತುದಿಯ ಗಿಣ್ಣು ಇರಲಿಲ್ಲ. ಅದು ನನಗೆ ಗೊತ್ತಿತ್ತು, ಹೇಗಾಯಿತು ಎಂದು ಗೊತ್ತಿರಲಿಲ್ಲ. ಅಮ್ಮ ಆಗ ದಾವಣಿ ಹಾಕುವ ವಯಸ್ಸಿನವಳು, ಚಿಕ್ಕಮ್ಮ ಇನ್ನೂ ಲಂಗ ತೊಟ್ಟ ಹುಡುಗಿ. ಒಂದು ಬೆಳಿಗ್ಗೆ ಅಜ್ಜ ಹೇಳಿದನೆಂದು ಅಮ್ಮ ಕತ್ತಿ ಮಸೆದು ಗೂಟಕ್ಕೆ ಸಿಕ್ಕಿಸಿ ಕೊಟ್ಟಿಗೆಗೆ ಹೋಗಿದ್ದಳು. ಅವಳು ಮಸೆದರೆ ಕತ್ತಿ ಚೆನ್ನಾಗಿ ಬರುತ್ತದೆ ಎಂದು ಅಜ್ಜನಿಗೆ ಹೆಮ್ಮೆಯಂತೆ. ಆಲೆಮನೆಯಿಂದ ಕಬ್ಬು ಬಂದಿತ್ತು. ಚಿಕ್ಕಮ್ಮ ಕಬ್ಬು ಸಿಗಿಯಲು ಹೋಗಿ ಬೆರಳು ಕತ್ತರಿಸಿಕೊಂಡಳು. ಕೂಗು ಕೇಳಿ ಅಮ್ಮ ಕೊಟ್ಟಿಗೆಯಿಂದ ಓಡಿ ಬಂದಾಗ, ಅಜ್ಜಿ ರಕ್ತ ಸುರಿಯುವ ಕೈಯನ್ನು ಸೆರಗಿನಲ್ಲಿ ಅದುಮಿ ಹಿಡಿದುಕೊಂಡೇ ಅಮ್ಮನತ್ತ ತಿರುಗಿ ಕಿರುಚಿದಳಂತೆ:

"ಕತ್ತಿ ಮಸೆದಿಟ್ಟೋಳು ನೀನೇ ಅಲ್ವೇನೇ!"

ಅಷ್ಟೇ. ಅಜ್ಜಿ ಮತ್ತೆಂದೂ ಆ ಮಾತನ್ನಾಡಲಿಲ್ಲ. ಆಡಿದ್ದು ಅವಳಿಗೆ ನೆನಪಿತ್ತೋ ಇಲ್ಲವೋ. ಆದರೆ ಅಮ್ಮ ಅವತ್ತಿನಿಂದ ಕತ್ತಿ ಸಿಕ್ಕಿಸುವ ಗೂಟದ ಕಡೆ ತಲೆ ಎತ್ತಿ ನೋಡಲಿಲ್ಲ. ತಂಗಿಯ ಕೈಯ ಕಡೆಯೂ ನೋಡಲಿಲ್ಲ.

"ಅದ್ಕೇ ಹೇಳೋದು," ಎಂದಳು ಅಮ್ಮ ಬಸ್ಸು ಬಂದಾಗ ಎದ್ದು ನಿಂತು. "ನಿನ್ ಮನೇಲಿ ಬೇಕಾದ್ದು ಮಾಡ್ಕೋ. ನನ್ ಕಣ್ಣಿಗೆ ಬೀಳ್ಸಬೇಡ."

ಅತ್ತೆ ತೀರಿಕೊಂಡ ಮೇಲೆ ನನ್ನ ಗಂಡನಿಗೆ ಸಾಗರಕ್ಕೆ ವರ್ಗವಾಯಿತು. ನಾವು ಅಲ್ಲಿ ಮನೆ ಮಾಡಿದೆವು. ಅಮ್ಮ ಬಿಸಿಯೂಟದ ಕೆಲಸ ಬಿಟ್ಟವಳು ನಮ್ಮ ಜೊತೆಗೇ ಬಂದಳು. ಬಂದ ದಿನವೇ ನಾನು ಚಾಕುಗಳನ್ನು ಅಡುಗೆಮನೆಯ ಮೇಲಿನ ಕಪಾಟಿಗೆ, ಹಪ್ಪಳದ ಡಬ್ಬದ ಹಿಂದೆ ಸೇರಿಸಿದೆ. ಅವಳಿಗೆಂದು ಒಂದು ಮೊಂಡು ಚಾಕು ಹೊರಗಿರುತ್ತಿತ್ತು. ಅವಳು ಅದರಲ್ಲೇ ಒಂದೆರಡು ಈರುಳ್ಳಿ ಹೆಚ್ಚಿ, ಮಣಿಕಟ್ಟು ಉಜ್ಜಿಕೊಳ್ಳುತ್ತ ಕೂರುತ್ತಿದ್ದಳು. ಸಾಗರದ ಡಾಕ್ಟರು ಅವಳ ಹೆಬ್ಬೆರಳಿನ ಬುಡ ಒತ್ತಿ ನೋಡಿ, ವರ್ಷಗಟ್ಟಲೆ ಜೋರಾಗಿ ಒತ್ತುವ ಕೆಲಸ ಏನಾದರೂ ಮಾಡಿದ್ದಿರಾ ಎಂದು ಕೇಳಿದರು. ಸಂದು ಸವೆದಿದೆ, ಇನ್ನು ಮೊದಲಿನಂತಾಗುವುದಿಲ್ಲ, ನೋವು ಕಡಿಮೆಯಾಗಲು ಮಾತ್ರ ಔಷಧ ಕೊಡುತ್ತೇನೆ ಎಂದರು. ಅಮ್ಮ ತಲೆಯಾಡಿಸಿದಳು. ನಾನು ಮಸೆಯುವುದಿದ್ದರೆ ಅವಳು ದೇವಸ್ಥಾನಕ್ಕೋ ಅಂಗಡಿಗೋ ಹೋದ ಹೊತ್ತು ನೋಡಿ ಮಸೆಯುತ್ತಿದ್ದೆ.

ಚಿಕ್ಕಮ್ಮನ ವಿಷಯ ಹೇಳಬೇಕು. ತುಮರಿ ನಕಾಶೆಯಲ್ಲಿ ಸಾಗರಕ್ಕೆ ಹತ್ತಿರವೇ. ಆದರೆ ನಡುವೆ ಶರಾವತಿ ಹಿನ್ನೀರು. ಲಾಂಚಿಗೆ ಕಾದು, ದಾಟಿ, ಮತ್ತೆ ಬಸ್ಸು ಹಿಡಿದು ಬರುವುದೆಂದರೆ ಒಂದು ದಿನದ ಕೆಲಸ. ಸಂಜೆಯ ಲಾಂಚು ತಪ್ಪಿದರೆ ಆಚೆಯವರು ಆಚೆ, ಈಚೆಯವರು ಈಚೆ. ಮದುವೆ, ಮುಂಜಿ, ಸಾವು ಬಿಟ್ಟರೆ ಅಕ್ಕತಂಗಿಯರು ಸೇರುತ್ತಿದ್ದದ್ದು ಇಲ್ಲವೆಂಬಷ್ಟು ಕಡಿಮೆ. ಲಾಂಚಿನ ತೊಂದರೆ ಎಂದು ಇಬ್ಬರೂ ಹೇಳುತ್ತಿದ್ದರು. ಸೇರಿದಾಗಲೂ ಒಬ್ಬರ ಪಕ್ಕ ಒಬ್ಬರು ಕೂತದ್ದನ್ನು ನಾನು ಕಂಡಿಲ್ಲ. ಚಿಕ್ಕಮ್ಮ ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಮಾತಾಡುತ್ತಿದ್ದಳು. ಅಮ್ಮ ಬೇರೆಲ್ಲೋ ನೋಡುತ್ತ ಉತ್ತರ ಕೊಡುತ್ತಿದ್ದಳು. ಚಿಕ್ಕಮ್ಮನ ಮಗಳ ಮದುವೆಗೆ ನಾವು ಹೋಗಿದ್ದೆವು. ಬಡಿಸುವಾಗ ಚಿಕ್ಕಮ್ಮ ಅಕ್ಕನ ಎಲೆಯ ಮುಂದೆ ನಿಂತು ಎರಡೂ ಕೈಯಲ್ಲಿ ಪಾತ್ರೆ ಹಿಡಿದು ಬಗ್ಗಿದಳು. ಅಮ್ಮ ಎಲೆ ಬಿಟ್ಟು ಎದ್ದಳು. ಲಾಂಚಿಗೆ ಹೊತ್ತಾಯಿತು ಎಂದಳು. ಲಾಂಚಿಗೆ ಇನ್ನೂ ತುಂಬ ಹೊತ್ತಿತ್ತು.

ಈಗ ಅಲ್ಲಿ ಸೇತುವೆಯಾಗಿದೆ. ಸೇತುವೆಯಾದ ಕೆಲವು ತಿಂಗಳಿಗೆ ಚಿಕ್ಕಮ್ಮನ ಬಲಗಣ್ಣಿನ ಪೊರೆ ತೆಗೆಸಲು ಅವಳ ಮಗ ಸಾಗರಕ್ಕೆ ಕರೆತಂದ. ಎಡಗಣ್ಣಿನಲ್ಲಿ ಅವಳಿಗೆ ಮೊದಲೇ ಅಷ್ಟಾಗಿ ಕಾಣುತ್ತಿರಲಿಲ್ಲ. ಆಪರೇಷನ್ ಆದ ಮೇಲೆ ಡಾಕ್ಟರಿಗೆ ಮತ್ತೆ ತೋರಿಸುವವರೆಗೆ ಕೆಲವು ದಿನ ನಮ್ಮ ಮನೆಯಲ್ಲೇ ಉಳಿಯಲಿ ಎಂದು ನಾನೇ ಒತ್ತಾಯ ಮಾಡಿದೆ. ಅಮ್ಮ ಬೇಡವೆನ್ನಲಿಲ್ಲ. ತನ್ನ ಕೋಣೆಯ ಮಂಚವನ್ನು ತಂಗಿಗೆ ಬಿಟ್ಟುಕೊಟ್ಟು ತಾನು ಪಡಸಾಲೆಯಲ್ಲಿ ಮಲಗಿದಳು.

ಮರುದಿನ ಬೆಳಿಗ್ಗೆ ಅಮ್ಮ ಹಾಲು ತರಲು ಹೋಗಿದ್ದಳು. ಅಲ್ಲಿ ಪರಿಚಯದವರು ಸಿಕ್ಕರೆ ಮಾತಾಡಿಕೊಂಡು ನಿಧಾನವಾಗಿ ಬರುವುದು ಅವಳ ರೂಢಿ. ನಾನು ಹಿತ್ತಿಲ ಜಗಲಿಯಲ್ಲಿ ಕಲ್ಲು ನೆನೆಸಿ ಚಾಕು ಮಸೆಯಲು ಕೂತೆ. ಚಿಕ್ಕಮ್ಮ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಅಲ್ಲೇ ಕುರ್ಚಿಯಲ್ಲಿ ಒರಗಿದ್ದಳು. ಅವಳಿಗೆ ಶಬ್ದ ಮಾತ್ರ ಕೇಳಿಸುತ್ತಿತ್ತು.

"ಎಂತ ಮಸೀತಿದೀಯೇ?"

"ಚಾಕು ಚಿಕ್ಕಮ್ಮ. ಅಮ್ಮ ಬರೋದ್ರೊಳಗೆ ಮುಗಿಸ್ಬೇಕು. ಅವ್ಳಿಗೆ ಹರಿತದ್ದು ಕಂಡ್ರೆ ಆಗಲ್ಲ."

"ಯಾಕೆ?"

ನಾನು ಚಾಕಿನ ಮಗ್ಗುಲು ತಿರುಗಿಸಿಕೊಂಡು ಹೇಳಿದೆ. "ನಿನ್ ಬೆರಳು ಹಾಗಾಯ್ತಲ್ಲ. ಆವಾಗಿಂದ."

ಚಿಕ್ಕಮ್ಮ ಕುರ್ಚಿಯಲ್ಲಿ ನೆಟ್ಟಗಾದಳು. "ಅದಕ್ಕೂ ಹರಿತದ ಚಾಕಿಗೂ ಎಂತ ಸಂಬಂಧ?"

"ಅಮ್ಮ ಮಸೆದಿಟ್ಟ ಕತ್ತೀಲಿ ಅಲ್ವಾ ಆಗಿದ್ದು?"

"ಯಾರು ಹೇಳಿದ್ದು? ಅಕ್ಕ ಮಸೆದಿದ್ದನ್ನ ಅಪ್ಪಯ್ಯ ಬೆಳಿಗ್ಗೆನೇ ಗದ್ದೆಗೆ ತಗೊಂಡು ಹೋಗಿತ್ತಲ್ಲ. ಗೂಟದಲ್ಲಿ ಎಂತ ಇರ್ಲಿಲ್ಲ. ನಾನು ಬಚ್ಚಲಿಗೆ ಹೋಗಿ, ಒಲೆಗೆ ಚಕ್ಕೆ ಸೀಳಕ್ಕೆ ಇಟ್ಟಿದ್ರಲ್ಲ, ಆ ಹಳೇದನ್ನ ತಗೊಂಡಿದ್ದು. ಅದ್ರಲ್ಲಿ ಸೊಪ್ಪು ಕೂಡ ಕುಯ್ಯಕ್ಕೆ ಆಗ್ತಿರ್ಲಿಲ್ಲ. ಕಬ್ಬಿನ ಗಿಣ್ಣಿಗೆ ಹೊಡೆದೆ, ಅಲ್ಲಿ ನಿಲ್ದೆ ಜಾರಿ ಕೈಗೆ ಬಂತು. ಅಕ್ಕ ಮಸೆದಿದ್ದು ಸಿಕ್ಕಿದ್ರೆ ನನ್ ಬೆರಳು ಉಳೀತಿತ್ತು ಕಣೇ."

ಅವಳು ಅದನ್ನು ಯಾವ ಗುಟ್ಟೆಂದೂ ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವ ಹಳೆಯ ವಿಷಯವೊಂದನ್ನು ನೆನಪಿಸುವವಳ ಹಾಗೆ ಹೇಳಿದಳು. ಅಜ್ಜನಿಗೆ ಆಸ್ಪತ್ರೆಯಲ್ಲೇ ಹೇಳಿದ್ದಳಂತೆ. ಅಜ್ಜ ಮನೆಗೆ ಬಂದವನೇ ಬಚ್ಚಲಿನ ಕತ್ತಿಯನ್ನು ಗೊಬ್ಬರಗುಂಡಿಯ ಆಚೆಯ ಪೊದೆಗೆ ಎಸೆದನಂತೆ. ಅಕ್ಕನಿಗೆ ಬೇರೆಯಾಗಿ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವಳು ಅದನ್ನು ತನ್ನ ತಲೆಗೆ ಕಟ್ಟಿಕೊಂಡಿದ್ದಾಳೆ ಎಂದು ಯಾರಿಗೆ ಗೊತ್ತಿತ್ತು?

ಕಲ್ಲಿನ ಮೇಲಿಂದ ತಲೆ ಎತ್ತಿದಾಗ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಹಾಲಿನ ಪ್ಯಾಕೆಟ್ಟು ಕೈಯಲ್ಲೇ ಇತ್ತು. ಅವತ್ತು ಯಾರೂ ಸಿಗದೆ ಬೇಗ ಬಂದಿದ್ದಳೇನೋ. ಎಷ್ಟು ಹೊತ್ತಿನಿಂದ ನಿಂತಿದ್ದಳೋ ನನಗೆ ತಿಳಿಯಲಿಲ್ಲ.

"ಎಂತ ಹೇಳ್ದೆ ನೀನು?" ಎಂದಳು.

ಚಿಕ್ಕಮ್ಮ ದನಿ ಬಂದ ಕಡೆ ತಿರುಗಿದಳು. "ಅಕ್ಕ ಬಂದ್ಯಾ?"

"ಯಾವ ಕತ್ತಿ ಅಂದೆ?"

"ಬಚ್ಚಲಿಂದು ಕಣೇ ಅಕ್ಕ. ಹಿಡಿಗೆ ಹಗ್ಗ ಸುತ್ತಿತ್ತಲ್ಲ, ಅದು."

ಅಮ್ಮನಿಗೆ ಆ ಕತ್ತಿ ನೆನಪಾಯಿತೆಂದು ಅವಳ ಮುಖದಲ್ಲೇ ಕಂಡಿತು. ಅವಳು ಬಾಗಿಲ ಹೊಸ್ತಿಲ ಮೇಲೆ ಕೂತಳು. ನಾನು ಹಾಲಿನ ಪ್ಯಾಕೆಟ್ಟು ತೆಗೆದುಕೊಂಡೆ. ಅವಳು ಅಳಲಿಲ್ಲ. ಬಲಗೈ ಹೆಬ್ಬೆರಳಿನ ಗಂಟನ್ನು ಎಡಗೈಯಿಂದ ಹಿಡಿದುಕೊಂಡು ಕೂತಿದ್ದಳು.

"ಅವ್ವ ನಂಗೆ ಹೇಳಿದ್ಳು, ನೀನೇ ಮಸೆದಿಟ್ಟಿದ್ದು ಅಂತ," ಎಂದಳು.

"ಅವ್ವಂಗೆ ಆ ಹೊತ್ತಲ್ಲಿ ಎಂತ ಗೊತ್ತಾಗ್ತಿತ್ತು? ರಕ್ತ ನೋಡಿ ತಲೆ ಕೆಟ್ಟು ಎಂತೋ ಅಂದಿರ್ತಾಳೆ. ನೀನು ನನ್ನ ಕೇಳ್ಬಾರ್ದಿತ್ತಾ?"

"ಹೆಂಗೆ ಕೇಳೋದು?" ಎಂದಳು ಅಮ್ಮ. "ನನ್ ಮೇಲೆ ಸಿಟ್ಟಿದ್ಯಾ ಅಂತ ಕೇಳಿ, ನೀ ಹೌದು ಅಂದ್ಬಿಟ್ಟಿದ್ರೆ?"

ಚಿಕ್ಕಮ್ಮ ಸೆರಗಿನೊಳಗಿದ್ದ ಎಡಗೈಯನ್ನು ತಾನಾಗಿ ಹೊರಗೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು. "ನಾನು ಎಂತ ಅಂದ್ಕೊಂಡಿದ್ದೆ ಗೊತ್ತನೇ? ಅಕ್ಕನಿಗೆ ನನ್ ಕೈ ಕಂಡ್ರೆ ಅಸಹ್ಯ ಅಂತ. ಅದ್ಕೇ ನಿನ್ ಎದುರಿಗೆ ಮುಚ್ಕೊಂತಿದ್ದೆ. ಮಗಳ ಮದ್ವೇಲಿ ನಾ ಬಡಿಸಕ್ಕೆ ಬಂದಾಗ ನೀನು ಎದ್ದು ಹೋದ್ಯಲ್ಲ. ಅವತ್ತು ನಾ ಒಳಗೆ ಹೋಗಿ ಅತ್ತಿದೀನಿ."

ಅಮ್ಮ ಹೊಸ್ತಿಲಿನಿಂದ ಎದ್ದು ಬಂದು ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. "ತೋರ್ಸು," ಎಂದಳು. ಚಿಕ್ಕಮ್ಮ ಕೈ ಚಾಚಿದಳು. ಅಮ್ಮ ಆ ಬೆರಳನ್ನು ಹಿಡಿದು, ತುದಿಯ ನಯವಾದ ಚರ್ಮದ ಮೇಲೆ ತನ್ನ ಬೆರಳಿಟ್ಟು, ಮಗುವಿನ ಕೈ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದಳು. ಅಷ್ಟು ವರ್ಷಗಳಲ್ಲಿ ಅವಳು ಅದನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಮುಟ್ಟಿದ್ದೂ ಅದೇ ಮೊದಲು.

"ನೋವು ಇದ್ಯಾ?"

"ಎಲ್ಲಿ ನೋವು! ಆಗ ನಾಟಿಗೆ ಮುಂಚೆನೇ ಮಾಯ್ದಿತ್ತಲ್ಲ," ಎಂದು ಚಿಕ್ಕಮ್ಮ ನಕ್ಕಳು. ನಗುತ್ತಲೇ ಕನ್ನಡಕದಡಿಯಿಂದ ನೀರಿಳಿಯಿತು. ಕಣ್ಣಲ್ಲಿ ನೀರು ಬರಬಾರದು ಎಂದಿದ್ದಾರೆ ಡಾಕ್ಟರು ಎಂದು ನಾನು ಗಾಬರಿಯಲ್ಲಿ ಹೇಳಿದೆ. ಇಬ್ಬರೂ ನನ್ನ ಮಾತು ಕೇಳಿಸಿಕೊಳ್ಳಲಿಲ್ಲ.

ಮಾರನೆಯ ದಿನ ಅಮ್ಮ ಅಡುಗೆಮನೆಗೆ ಬಂದು, ನಾನು ಹೆಚ್ಚುತ್ತಿದ್ದ ಹಲಗೆಯ ಪಕ್ಕ ನಿಂತಳು. "ಇಲ್ಲಿ ಕೊಡು," ಎಂದು ಕೈ ಚಾಚಿದಳು. ನಾನು ಚಾಕಿನ ಹಿಡಿಯನ್ನು ಅವಳ ಕೈಗಿತ್ತೆ. ಅವಳು ಒಂದು ಟೊಮೆಟೊ ಇಟ್ಟುಕೊಂಡು, ರೂಢಿಯಂತೆ ಇನ್ನೊಂದು ಕೈಯನ್ನು ಚಾಕಿನ ಬೆನ್ನಿನ ಮೇಲೆ ಊರಲು ಹೋದಳು. "ಬ್ಯಾಡ ಅಮ್ಮ, ಒತ್ತಬೇಡ. ಸುಮ್ನೆ ಎಳಿ," ಎಂದೆ. ಎಳೆದಳು. ಟೊಮೆಟೊ ಎರಡು ಹೋಳಾಗಿ ಹಲಗೆಯ ಮೇಲೆ ಬಿಚ್ಚಿಕೊಂಡಿತು. ಒಂದು ಹನಿ ರಸವೂ ಹರಿಯಲಿಲ್ಲ. ಅವಳು ಆ ಹೋಳುಗಳನ್ನೇ ನೋಡುತ್ತ ನಿಂತಳು.

"ಇಷ್ಟೇನಾ?" ಎಂದಳು.

ಇನ್ನೊಂದು ಟೊಮೆಟೊ ಹೆಚ್ಚಿದಳು. ಆಮೇಲೆ ಒಂದು ಸೌತೆಕಾಯಿ. ಅರ್ಧಕ್ಕೆ ಬರುವಷ್ಟರಲ್ಲಿ ಅವಳ ಹೆಬ್ಬೆರಳು ಹಿಡಿಯ ಮೇಲೆ ನಿಲ್ಲದಾಯಿತು. ಚಾಕು ಹಲಗೆಯ ಮೇಲೆ ಬಿತ್ತು. ಮತ್ತೆ ಎತ್ತಿಕೊಂಡಳು, ಮತ್ತೆ ಕೈ ಸೋತಿತು. ಹರಿತವಾದ ಚಾಕಿಗೆ ಬಲ ಬೇಡ, ನಿಜ. ಹಿಡಿದುಕೊಳ್ಳಲಾದರೂ ಹಿಡಿತ ಬೇಕಲ್ಲ. ಆ ಹಿಡಿತ ಶಾಲೆಯ ಅಡುಗೆಕೋಣೆಯಲ್ಲಿ ಸವೆದು ಹೋಗಿತ್ತು. ಅವಳು ಚಾಕನ್ನು ತೊಳೆದು, ಒರೆಸಿ, ನನ್ನ ಮುಂದಿಟ್ಟು, ಹೊರಗೆ ಹೋಗಿ ಕೂತಳು. ಅವತ್ತು ಮಧ್ಯಾಹ್ನ ಬಡಿಸುವಾಗ ಒಂದೇ ಒಂದು ಮಾತು ಹೇಳಿದಳು, "ಆ ಶಾಲೆ ಮಕ್ಳಿಗೆ ಎಷ್ಟೋ ದಿನ ಊಟ ತಡ ಆಗ್ತಿತ್ತು ನನ್ನಿಂದ."

ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಅಮ್ಮ ಆ ಕತೆ ಹೇಳಿದ ಮೇಲೆ, ಚಿಕ್ಕಮ್ಮನನ್ನು ಒಮ್ಮೆ ನೋಡಿ ಹೇಗಾಯಿತು ಎಂದು ಕೇಳಬೇಕು ಅನ್ನಿಸಲೇ ಇಲ್ಲವಲ್ಲ. ಅಮ್ಮ ಹೇಳಿದ್ದೇ ನಡೆದದ್ದು ಎಂದುಕೊಂಡೆ. ಅತ್ತೆಯವರಾದರೂ ಇದನ್ನು ಕೇಳಲು ಇರಬೇಕಿತ್ತು ಎನ್ನಿಸುತ್ತದೆ. ಅಮ್ಮ ಆಡಿದ ಮಾತನ್ನು ಅವರು ಕೊನೆಯವರೆಗೂ ನನ್ನ ಹತ್ತಿರ ಎತ್ತಲಿಲ್ಲ. ಅಮ್ಮನಿಗೂ ಅದು ಚುಚ್ಚಿದೆ. "ಬೀಗ್ತಿ ಮನೇಲಿ ಒಂದು ತುತ್ತು ಉಣ್ಣದೆ ಬಂದೆ," ಎಂದು ಒಂದು ದಿನ ತಾನಾಗಿಯೇ ಹೇಳಿದಳು.

ಕಪಾಟಿನಲ್ಲಿ ಬಚ್ಚಿಟ್ಟಿದ್ದ ಚಾಕುಗಳು ಈಗ ಹೊರಗೆ ಬಂದಿವೆ. ನಾನು ಅಮ್ಮನ ಎದುರಿಗೇ ಮಸೆಯುತ್ತೇನೆ. ಅವಳು ಕಲ್ಲಿಗೆ ನೀರು ಚಿಮುಕಿಸುತ್ತಾಳೆ. ಒಮ್ಮೊಮ್ಮೆ, "ಓರೆ ಜಾಸ್ತಿ ಆಯ್ತು, ಸ್ವಲ್ಪ ಮಲಗ್ಸು," ಎನ್ನುತ್ತಾಳೆ. ಅವಳು ಹೇಳಿದ್ದು ಸರಿಯಾಗಿರುತ್ತದೆ. ಅಜ್ಜನಿಗೆ ಹೆಮ್ಮೆಯಾಗುತ್ತಿದ್ದ ಆ ಹುಡುಗಿ ಇಷ್ಟು ವರ್ಷ ಎಲ್ಲಿದ್ದಳು ಎಂದು ನಾನು ಅವಳ ಮುಖ ನೋಡುತ್ತೇನೆ.

ಮೊನ್ನೆ ಚಳಿಗಾಲದಲ್ಲಿ ಅಮ್ಮ ಮೊದಲ ಸಲ ತಾನಾಗಿ ತುಮರಿಗೆ ಹೊರಟಳು. ಒಂದು ತಿಂಗಳು ಇದ್ದು ಬರುತ್ತೇನೆ ಎಂದಳು. ನಾನು ಬಸ್ಸಿನಲ್ಲಿ ಜೊತೆಗೆ ಹೋದೆ. ಕಾಯುವುದಿಲ್ಲ, ಇಳಿಯುವುದಿಲ್ಲ, ನೋಡನೋಡುತ್ತಿದ್ದಂತೆ ನೀರು ದಾಟಿಬಿಟ್ಟೆವು. ಅಮ್ಮ ಕಿಟಕಿಯಿಂದ ಹಿನ್ನೀರನ್ನು ನೋಡುತ್ತ ಕೂತಿದ್ದಳು.

ಚಿಕ್ಕಮ್ಮ ಗೇಟಿನವರೆಗೆ ಬಂದು ಅಕ್ಕನ ಚೀಲ ತೆಗೆದುಕೊಂಡಳು. ಇಬ್ಬರೂ ಜಗಲಿಯಲ್ಲಿ ಕೂತರು. ಸೊಸೈಟಿ ಅಕ್ಕಿ, ಕಣ್ಣಿನ ಡ್ರಾಪ್ಸು, ಈ ಸಲದ ಚಳಿ ಎಂದು ಸ್ವಲ್ಪ ಮಾತಾದ ಮೇಲೆ ಮಾತು ಮುಗಿದುಹೋಯಿತು. ಅಮ್ಮನಿಗೆ ಚಿಕ್ಕಮ್ಮನ ಮಗನ ಕೆಲಸ ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ನನ್ನ ಅಪ್ಪ ಯಾವ ಕಾಯಿಲೆಯಲ್ಲಿ ಹೋದನೆಂದು ಚಿಕ್ಕಮ್ಮ ಈಗ ಕೇಳಿದಳು. ಇಬ್ಬರೂ ಒಬ್ಬರಿಗೊಬ್ಬರು ಹೊಸದಾಗಿ ಪಕ್ಕದ ಮನೆಗೆ ಬಂದವರ ಹಾಗೆ ಎಚ್ಚರಿಕೆಯಿಂದ ಮಾತಾಡುತ್ತಿದ್ದರು.

ಚಿಕ್ಕಮ್ಮ ಕಾಫಿ ಮಾಡಲು ಒಳಗೆ ಹೋದಳು. ನಾನೂ ಹಿಂದೆ ಹೋದೆ. ಅವಳು ಒಲೆಯ ಮುಂದೆ ಡಬ್ಬಿ ಹಿಡಿದು ನಿಂತು, ಹೊರಗೆ ಕೇಳದ ಹಾಗೆ ದನಿ ತಗ್ಗಿಸಿ ನನ್ನನ್ನು ಕೇಳಿದಳು:

"ಅಕ್ಕ ಕಾಫಿಗೆ ಸಕ್ಕರೆ ಹಾಕ್ಕೊಂತಾಳಾ, ಬೆಲ್ಲನಾ?"

ಬೆಲ್ಲ ಎಂದೆ.